ಬಿದ್ದದ್ದನ್ನು ಮಗು ಮುಚ್ಚಿಟ್ಟರೆ...

ಶಾಲೆಗೆ ರಜೆ. ಮೇ ತಿಂಗಳ ಮಧ್ಯಾಹ್ನ. ಶ್ರೀನಿವಾಸಪುರದಿಂದ ಯಾವ ದಿಕ್ಕಿಗೆ ಹೊರಟರೂ ಮಾವಿನ ತೋಪುಗಳೇ. ನೀವು ಅಡುಗೆಮನೆಯಲ್ಲಿದ್ದೀರಿ. ಒಂಬತ್ತು ವರ್ಷದ ಮಗ ಹಿತ್ತಲ ಬಾಗಿಲಿನಿಂದ ಬಂದು, ಸದ್ದು ಮಾಡದೆ ಒಳಕೋಣೆಗೆ ಹೋಗಿ ಮಲಗುತ್ತಾನೆ. "ಏನಾಯ್ತೋ?" ಎಂದು ಕೇಳಿದರೆ "ಏನಿಲ್ಲ ಅಮ್ಮಿ, ಬಿಸಿಲು" ಎನ್ನುತ್ತಾನೆ. ಅಂಗಿಯ ಬೆನ್ನಿಗೆ ಮಣ್ಣು ಮೆತ್ತಿದೆ. ಅಸರ್ ಹೊತ್ತಿಗೆ ಎದ್ದವನು ತಲೆನೋವು ಎನ್ನುತ್ತಾನೆ. ಒಮ್ಮೆ ವಾಂತಿ ಮಾಡುತ್ತಾನೆ. ಮನೆಯ ಅಜ್ಜಿ, "ಹಸಿ ಮಾವಿನಕಾಯಿ ತಿಂದಿದ್ದಾನೆ, ಪಿತ್ತ ಕೆರಳಿದೆ" ಎಂದು ಜೀರಿಗೆ ಕಷಾಯಕ್ಕೆ ನೀರಿಡುತ್ತಾರೆ. ಮತ್ತೊಮ್ಮೆ ವಾಂತಿ. ಮಗ್ರಿಬ್ ಆದ ಮೇಲೆ ಎಬ್ಬಿಸಲು ಹೋದರೆ ಕಣ್ಣು ತೆರೆಯಲು ತಡವರಿಸುತ್ತಾನೆ.

ಅವನು ಮರದಿಂದ ಬಿದ್ದದ್ದು ಗೊತ್ತಿರುವುದು ಅವನ ಜೊತೆಗಿದ್ದ ಇಬ್ಬರು ಹುಡುಗರಿಗೆ ಮಾತ್ರ. ಅವರು ಬಾಯಿ ಬಿಡುವುದಿಲ್ಲ. ಏಕೆಂದರೆ ಮರ ಬೇರೆಯವರದ್ದು.

ಇಂತಹ ಸಂಜೆ ಯಾರ ಮನೆಗೂ ಬಾರದಿರಲಿ. ಆದರೆ ಸಹೋದರಿಯರೇ, ಮಕ್ಕಳ ತಲೆಗೆ ಬೀಳುವ ಪೆಟ್ಟಿನ ಬಗ್ಗೆ ಬರೆಯಲು ಕುಳಿತಾಗ ನನಗೆ ಮೊದಲು ತೋಚಿದ್ದು ಈ ಚಿತ್ರವೇ. ಇಲ್ಲಿ ಅಪಾಯ ತಂದದ್ದು ಮರವೊಂದೇ ಅಲ್ಲ. ಮಗುವಿನ ಮೌನವೂ ಅಪಾಯ ತಂದಿದೆ. "ಮರ ಹತ್ತಿದರೆ ಕಾಲು ಮುರಿಯುತ್ತೇನೆ" ಎಂದು ನಾವೆಲ್ಲರೂ ಒಂದಲ್ಲ ಒಂದು ದಿನ ಗದರಿದವರೇ. ಆ ಮಾತು ಮಗುವನ್ನು ಮರದಿಂದ ಇಳಿಸಿತೋ ಇಲ್ಲವೋ, ಬಿದ್ದ ಮೇಲೆ ಅದರ ಬಾಯಿಯನ್ನಂತೂ ಕಟ್ಟಿಹಾಕುತ್ತದೆ. ತಲೆಯ ಪೆಟ್ಟಿನಲ್ಲಿ ಮೊದಲ ಕೆಲವು ಗಂಟೆಗಳೇ ಎಲ್ಲವನ್ನೂ ನಿರ್ಧರಿಸುವುದರಿಂದ ಆ ಮೌನ ಬಹಳ ದುಬಾರಿಯಾಗುತ್ತದೆ.

ಮಕ್ಕಳ ತಲೆ ಏಕೆ ಬೇರೆ?

ಹುಟ್ಟಿದ ಮಗುವನ್ನು ಗಮನಿಸಿ. ಅದರ ಒಟ್ಟು ಉದ್ದದಲ್ಲಿ ಸುಮಾರು ನಾಲ್ಕನೇ ಒಂದು ಭಾಗ ತಲೆಯೇ. ದೊಡ್ಡವರಲ್ಲಿ ಅದು ಎಂಟನೇ ಒಂದು ಭಾಗ ಮಾತ್ರ. ತಲೆ ಭಾರ, ಕುತ್ತಿಗೆ ಎಳಸು. ಆದ್ದರಿಂದಲೇ ಚಿಕ್ಕ ಮಕ್ಕಳು ಎಲ್ಲಿಂದ ಬಿದ್ದರೂ ತಲೆ ಕೆಳಗಾಗಿಯೇ ಬೀಳುತ್ತಾರೆ. ಕೈ ಊರಿ ತಡೆದುಕೊಳ್ಳುವ ಚುರುಕು ಅವರಿಗೆ ಇನ್ನೂ ಬಂದಿರುವುದಿಲ್ಲ. ಬುರುಡೆಯೂ ತೆಳು. ನೆತ್ತಿಯ ಮೇಲೆ ಬಡಿದುಕೊಳ್ಳುವ ಮೆತ್ತನೆಯ ಜಾಗ ಮುಚ್ಚಿಕೊಳ್ಳಲು ಸಾಮಾನ್ಯವಾಗಿ ಒಂದೂವರೆ ವರ್ಷವಾಗುತ್ತದೆ.

ಬುರುಡೆಯ ಒಳಗೆ ಮಿದುಳು ನೀರಿನಂಥ ದ್ರವದಲ್ಲಿ ತೇಲುತ್ತಿರುತ್ತದೆ. ತಲೆ ರಭಸದಿಂದ ಚಲಿಸಿ ತಟ್ಟನೆ ನಿಂತಾಗ ಮಿದುಳು ಮಾತ್ರ ನಿಲ್ಲದೆ ಮುಂದೆ ಹೋಗಿ ಬುರುಡೆಯ ಗೋಡೆಗೆ ಬಡಿಯುತ್ತದೆ, ಮತ್ತೆ ಹಿಂದಕ್ಕೆ ಬಡಿಯುತ್ತದೆ. ಹೊರಗೆ ಒಂದು ಹನಿ ರಕ್ತ ಬರದಿದ್ದರೂ ಒಳಗೆ ಗಾಯವಾಗಿರಬಹುದು. ಇದಕ್ಕೆ ತದ್ವಿರುದ್ಧವಾಗಿ, ಹಣೆ ಸೀಳಿ ರಕ್ತ ಧಾರೆಯಾಗಿ ಸುರಿದರೂ ಮಿದುಳಿಗೆ ಏನೂ ಆಗಿರದೆ ಇರಬಹುದು. ತಲೆಯ ಚರ್ಮದಲ್ಲಿ ರಕ್ತನಾಳಗಳು ಹೆಚ್ಚಾಗಿರುವುದರಿಂದ ಸಣ್ಣ ಗಾಯವೂ ಬಹಳ ರಕ್ತ ಸುರಿಸುತ್ತದೆ. ನಾವು ರಕ್ತ ಕಂಡರೆ ಹೌಹಾರುತ್ತೇವೆ, ಕಾಣದಿದ್ದರೆ ನಿಶ್ಚಿಂತರಾಗುತ್ತೇವೆ. ಎರಡೂ ತಪ್ಪು ಲೆಕ್ಕ.

ವೈದ್ಯರು ತಲೆಯ ಪೆಟ್ಟನ್ನು ಎರಡಾಗಿ ನೋಡುತ್ತಾರೆ. ಬಿದ್ದ ಕ್ಷಣದಲ್ಲಿ ಆಗುವ ಗಾಯ ಮೊದಲನೆಯದು. ಅದನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಾರರು. ಎರಡನೆಯದು ನಂತರದ ಗಂಟೆಗಳಲ್ಲಿ ಬೆಳೆಯುವಂಥದ್ದು: ಒಳಗೆ ರಕ್ತ ಒಸರುವುದು, ಮಿದುಳು ಬಾತುಕೊಳ್ಳುವುದು, ಉಸಿರಾಟ ಸರಿಯಾಗದೆ ಮಿದುಳಿಗೆ ಆಮ್ಲಜನಕ ಸಾಲದಾಗುವುದು. ಬುರುಡೆ ಬಿಗಿಯಾಗಿ ಮುಚ್ಚಳ ಹಾಕಿದ ಪಾತ್ರೆಯಿದ್ದಂತೆ. ಒಳಗೆ ರಕ್ತ ಕೂಡಿಕೊಂಡರೆ ಅದು ಮಿದುಳನ್ನೇ ಒತ್ತಬೇಕು, ಬೇರೆ ಜಾಗವಿಲ್ಲ. ಆಸ್ಪತ್ರೆಯಲ್ಲಿ ನಡೆಯುವ ಓಡಾಟವೆಲ್ಲ ಈ ಎರಡನೆಯ ಗಾಯವನ್ನು ತಡೆಯಲಿಕ್ಕಾಗಿ.

ಕಿವಿಯ ಮುಂದೆ, ಸ್ವಲ್ಪ ಮೇಲೆ, ಕಣತಲೆಯ ಹತ್ತಿರ ಬುರುಡೆಯ ಮೂಳೆ ಬಹಳ ತೆಳುವಾಗಿದೆ. ಅದರ ಒಳಮೈಯಲ್ಲೇ ಒಂದು ರಕ್ತನಾಳ ಹಾದುಹೋಗುತ್ತದೆ. ಅಲ್ಲಿ ಪೆಟ್ಟು ಬಿದ್ದು ನಾಳ ಹರಿದರೆ ಮಗು ಮೊದಲು ಸ್ವಲ್ಪ ಹೊತ್ತು ಮಂಕಾಗಿ, ಆಮೇಲೆ ಎದ್ದು ಕುಳಿತು ಮಾತಾಡಬಹುದು. ನೀರು ಕೇಳಬಹುದು, ನಗಬಹುದು. ಮನೆಯವರು "ಅಲ್‌ಹಮ್ದುಲಿಲ್ಲಾಹ್, ಏನೂ ಆಗಿಲ್ಲ" ಎಂದು ನಿಟ್ಟುಸಿರು ಬಿಡುತ್ತಾರೆ. ಗಂಟೆಗಳ ನಂತರ ಮಗು ಇದ್ದಕ್ಕಿದ್ದಂತೆ ಕುಸಿಯುತ್ತದೆ. ಎಲ್ಲ ಮಕ್ಕಳಲ್ಲೂ ಹೀಗಾಗುವುದಿಲ್ಲ. ಆದರೆ ಆಗುವ ಮಗುವಿಗೆ, ಆ ಚೆನ್ನಾಗಿದ್ದ ಕೆಲವು ಗಂಟೆಗಳೇ ಉಳಿಸಿಕೊಳ್ಳಬಹುದಾದ ಸಮಯ.

ಎಲ್ಲಿಂದ ಬೀಳುತ್ತಾರೆ?

ಎಲ್ಲ ವಯಸ್ಸಿನವರನ್ನೂ ಸೇರಿಸಿ ನೋಡಿದರೆ ನಮ್ಮ ದೇಶದಲ್ಲಿ ಮಿದುಳಿನ ಪೆಟ್ಟಿಗೆ ಮೊದಲ ಕಾರಣ ರಸ್ತೆ ಅಪಘಾತ. ಚಿಕ್ಕ ಮಕ್ಕಳಲ್ಲಿ ಮಾತ್ರ ಮೊದಲ ಸ್ಥಾನ ಬೀಳುವುದಕ್ಕೆ. ವಯಸ್ಸು ಏರಿದಂತೆ ರಸ್ತೆ ಮುಂದೆ ಬರುತ್ತದೆ.

ಶ್ರೀನಿವಾಸಪುರದವರಿಗೆ ಮಾವಿನ ಮರವನ್ನು ಪರಿಚಯಿಸಬೇಕಾಗಿಲ್ಲ. ಬಾದಾಮಿ, ರಸಪುರಿ, ತೋತಾಪುರಿ, ನೀಲಂ ಎಂದು ಹೆಸರು ಹಿಡಿದು ಮರಗಳನ್ನು ಗುರುತಿಸುವ ಮಕ್ಕಳು ಇಲ್ಲಿದ್ದಾರೆ. ತೋಪನ್ನು ಗುತ್ತಿಗೆಗೆ ಹಿಡಿಯುವ, ಮಂಡಿಯಲ್ಲಿ ವ್ಯಾಪಾರ ಮಾಡುವ ಮನೆಗಳಲ್ಲಿ ಮೇಯಿಂದ ಜುಲೈವರೆಗೆ ಗಂಡಸರು ಊಟಕ್ಕೂ ಸರಿಯಾಗಿ ಬರುವುದಿಲ್ಲ. ಕೆಲವೆಡೆ ಹುಡುಗರನ್ನೂ ಕಾಯಿ ಕೀಳಲು ಕರೆದೊಯ್ಯುತ್ತಾರೆ. ಹಳೆಯ ಮರಗಳು ಎತ್ತರ. ಮಾವಿನ ಕೊಂಬೆ ಗಟ್ಟಿಯಾಗಿ ಕಂಡರೂ ತುದಿಯಲ್ಲಿ ಲಟಕ್ಕನೆ ಮುರಿಯುತ್ತದೆ. ಮಳೆ ಬಿದ್ದ ಮರುದಿನ ತೊಗಟೆ ಜಾರುತ್ತದೆ. ನೆಲದಲ್ಲಿ ನಿಂತು ದೋಟಿಯಿಂದ ಕೀಳಬಹುದಾದ ಕಾಯಿಗೆ ಹತ್ತು ವರ್ಷದ ಹುಡುಗನನ್ನು ಕೊಂಬೆಗೆ ಹತ್ತಿಸುವುದು ಯಾವ ಲೆಕ್ಕದಲ್ಲೂ ಲಾಭವಲ್ಲ. ಕಾಯಿ ತುಂಬಿದ ಟೆಂಪೋದ ಮೇಲೆ, ಕ್ರೇಟುಗಳ ತುದಿಯಲ್ಲಿ ಹುಡುಗರನ್ನು ಕೂರಿಸಿ ಮಂಡಿಗೆ ಕಳಿಸುವುದೂ ಅಷ್ಟೇ.

ಮರ ಇಲ್ಲದ ಮನೆಯಲ್ಲಿ ತಾರಸಿ ಇದೆ. ಮುಂದೊಂದು ದಿನ ಮೇಲೆ ಇನ್ನೊಂದು ಮಹಡಿ ಕಟ್ಟುವ ಆಸೆಯಿಂದ ಕಂಬಿಗಳನ್ನು ಹಾಗೇ ಬಿಟ್ಟು, ಸುತ್ತಗೋಡೆ ಕಟ್ಟಿಸದೆ ಉಳಿಸಿದ ತಾರಸಿಗಳು ನಮ್ಮ ಬೀದಿಗಳಲ್ಲಿ ಎಷ್ಟಿಲ್ಲ! ಆಷಾಢದ ಗಾಳಿ ಬೀಸಿದರೆ ಗಾಳಿಪಟ. ಗಾಳಿಪಟ ಹಾರಿಸುವವನ ಕಣ್ಣು ಆಕಾಶದಲ್ಲಿರುತ್ತದೆ, ಕಾಲು ಹಿಂದಕ್ಕೆ ಹೋಗುತ್ತಿರುತ್ತದೆ. ಗೃಹಪ್ರವೇಶದ ದಿನ ನೂರಾರು ಜನರಿಗೆ ಊಟ ಹಾಕುವವರು ಎರಡು ಸಾಲು ಇಟ್ಟಿಗೆಗೆ ಹಣವಿಲ್ಲ ಎಂದರೆ ನನಗೆ ನಂಬಿಕೆ ಬರುವುದಿಲ್ಲ.

ಎಳೆಯ ಮಕ್ಕಳ ಮಾತೇ ಬೇರೆ. ಅವರಿಗೆ ಮಂಚದ ಎತ್ತರವೇ ಸಾಕು. "ಇನ್ನೂ ಮಗುಚಿಕೊಳ್ಳುವುದಿಲ್ಲ" ಎಂದು ಮಂಚದ ಅಂಚಿನಲ್ಲಿ ಮಲಗಿಸಿ ಒಲೆಯ ಕಡೆ ಹೋಗುತ್ತೇವೆ. ಅವತ್ತೇ ಮಗು ಮೊದಲ ಸಲ ಮಗುಚಿಕೊಳ್ಳುತ್ತದೆ. ಸೀರೆ ಕಟ್ಟಿದ ಜೋಲಿಯ ಗಂಟನ್ನು ವಾರಕ್ಕೊಮ್ಮೆಯಾದರೂ ಬಿಚ್ಚಿ ಕಟ್ಟಿ, ಬಟ್ಟೆ ಸವೆದಿದೆಯೇ ನೋಡಿ. ಜೋಲಿಯ ಕೆಳಗೆ ಹಾಸಿಗೆಯೊಂದನ್ನು ಹಾಸಿಡುವುದಕ್ಕೆ ಖರ್ಚೇನಿಲ್ಲ. ನಡಿಗೆ ಕಲಿಸಲೆಂದು ಮಾವನ ಮನೆಯವರು ತಂದುಕೊಡುವ ಚಕ್ರದ ವಾಕರ್ ಮಗುವನ್ನು ಮೆಟ್ಟಿಲಿನ ಅಂಚಿಗೆ ನೀವು ಓಡಿ ಹಿಡಿಯುವುದಕ್ಕಿಂತ ವೇಗವಾಗಿ ಕೊಂಡೊಯ್ಯುತ್ತದೆ. ಕೆನಡಾ ದೇಶ 2004ರಲ್ಲಿ ಈ ವಾಕರುಗಳ ಮಾರಾಟವನ್ನೇ ನಿಷೇಧಿಸಿತು. ವಾಕರ್‌ನಿಂದ ಮಗು ಬೇಗ ನಡೆಯುವುದೂ ಇಲ್ಲ.

ಇನ್ನೊಂದು ವಿಷಯ ಬರೆಯಲು ಕಷ್ಟ, ಬಿಡಲು ಇನ್ನೂ ಕಷ್ಟ. ಅಳು ನಿಲ್ಲಿಸದ ಕೂಸನ್ನು ಸಿಟ್ಟಿನಿಂದ ಹಿಡಿದು ಅಲುಗಾಡಿಸುವುದರಿಂದ ಅದರ ಮಿದುಳಿನೊಳಗೆ ರಕ್ತಸ್ರಾವವಾಗುತ್ತದೆ. ತಲೆ ಎಲ್ಲಿಗೂ ಬಡಿಯಬೇಕಾಗಿಲ್ಲ. ರಾತ್ರಿಯಿಡೀ ನಿದ್ದೆಯಿಲ್ಲದ ಬಾಣಂತಿಗೆ ಸಹನೆ ಮುಗಿಯುವುದು ಸಹಜ. ಮುಗಿದಾಗ ಮಗುವನ್ನು ಚಾಪೆಯ ಮೇಲೆ ಮಲಗಿಸಿ ಹತ್ತು ನಿಮಿಷ ಹೊರಗೆ ಬನ್ನಿ, ಅದು ಅಳಲಿ. ಅತ್ತೆಯನ್ನೋ ನಾದಿನಿಯನ್ನೋ ಕರೆಯಿರಿ. ದೊಡ್ಡ ಮಕ್ಕಳ ತಲೆಗೆ ಮೊಟಕುವುದು, ಕಿವಿಯ ಮೇಲೆ ಬಾರಿಸುವುದು, ಗೋಡೆಗೆ ತಳ್ಳುವುದು ಮನೆಯಲ್ಲಾಗಲಿ, ಶಾಲೆಯಲ್ಲಾಗಲಿ, ಮದ್ರಸಾದಲ್ಲಾಗಲಿ ಶಿಸ್ತಿನ ಹೆಸರಿನಲ್ಲಿ ನಡೆಯಬಾರದು. ಪ್ರವಾದಿಯವರು(ಸ) ಮುಖಕ್ಕೆ ಹೊಡೆಯುವುದನ್ನು ತಡೆದಿದ್ದಾರೆಂಬುದು ನಮಗೆಲ್ಲ ಗೊತ್ತು. ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೂ ನಿಷೇಧಿಸಿದೆ.

ಬೈಕಿನ ಮೇಲೆ ಐದು ಜನ

ಮದುವೆಗೆ ಹೊರಟ ಕುಟುಂಬವನ್ನು ಕೋಲಾರದ ರಸ್ತೆಯಲ್ಲಿ ಯಾವ ಭಾನುವಾರ ಬೇಕಾದರೂ ನೋಡಬಹುದು. ಪೆಟ್ರೋಲ್ ಟ್ಯಾಂಕಿನ ಮೇಲೆ ಒಂದು ಮಗು, ನಡುವೆ ಒಂದು, ಹಿಂದೆ ಒಂದು ಬದಿಗೆ ಕಾಲು ಇಳಿಬಿಟ್ಟು ಕುಳಿತ ತಾಯಿ, ಅವರ ತೊಡೆಯ ಮೇಲೆ ಕೂಸು. ಹೆಲ್ಮೆಟ್ ಇದ್ದರೆ ಅದು ಅಬ್ಬಾನ ತಲೆಯ ಮೇಲೆ ಮಾತ್ರ. ಅದೂ ಕೆಲವೊಮ್ಮೆ ಕೈಯಲ್ಲಿ ನೇತಾಡುತ್ತಿರುತ್ತದೆ. ತಕ್ದೀರಿನ ಮಾತಾಡುವ ನಾವೇ ಮನೆಯ ಬಾಗಿಲಿಗೆ ಬೀಗ ಹಾಕದೆ ಹೊರಡುವುದಿಲ್ಲ ಎಂಬುದನ್ನು ನೆನಪಿಡಿ.

ಕಾನೂನು ಏನು ಹೇಳುತ್ತದೆ? ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರೂ ದ್ವಿಚಕ್ರ ವಾಹನದಲ್ಲಿ ಹೆಲ್ಮೆಟ್ ಧರಿಸಬೇಕು. ಅದಕ್ಕಿಂತ ಚಿಕ್ಕವರಿಗೆಂದು ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ನಿಯಮ ಪ್ರಕಟಿಸಿತು, ಒಂದು ವರ್ಷದ ಬಳಿಕ ಅದು ಜಾರಿಗೆ ಬಂತು. ನಾಲ್ಕು ವರ್ಷದೊಳಗಿನ ಮಗುವನ್ನು ಸವಾರನಿಗೆ ಬಿಗಿಯುವ ಸುರಕ್ಷತಾ ಪಟ್ಟಿ ಇರಬೇಕು. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಅದರ ತಲೆಗೆ ಸರಿಹೊಂದುವ ಹೆಲ್ಮೆಟ್ ಹಾಕಬೇಕು. ಮಗು ಕುಳಿತಿರುವಾಗ ಗಾಡಿಯ ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ಅಪ್ಪನ ಹೆಲ್ಮೆಟ್ಟನ್ನು ಮಗುವಿನ ತಲೆಗೆ ಕವುಚಿದರೆ ಉಪಯೋಗವಿಲ್ಲ, ಬಿದ್ದ ಕ್ಷಣ ಅದು ತಲೆಯಿಂದ ಜಾರಿ ಬೇರೆ ಕಡೆ ಉರುಳುತ್ತದೆ. ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ ಮಾರುವುದು 2021ರ ಜೂನ್‌ನಿಂದ ಕಾನೂನುಬಾಹಿರ. ರಸ್ತೆ ಬದಿಯಲ್ಲಿ ಅಗ್ಗಕ್ಕೆ ಸಿಗುವ ಪ್ಲಾಸ್ಟಿಕ್ ಟೋಪಿ ದಂಡದಿಂದ ತಪ್ಪಿಸಿಕೊಳ್ಳಲಿಕ್ಕೆ ಮಾತ್ರ.

ನಮ್ಮ ಮನೆಗಳಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಬುರ್ಖಾದ ಅಂಚು, ದುಪಟ್ಟಾದ ತುದಿ ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡರೆ ತಾಯಿಯನ್ನು ಕ್ಷಣಾರ್ಧದಲ್ಲಿ ಹಿಂದಕ್ಕೆಳೆದು ಕೆಡವುತ್ತದೆ. ತೊಡೆಯ ಮೇಲಿನ ಮಗು ಅವರಿಗಿಂತ ಮೊದಲು ನೆಲಕ್ಕೆ ಬೀಳುತ್ತದೆ. ಹಿಂದಿನ ಚಕ್ರದ ಪಕ್ಕದ ಸೀರೆ ಗಾರ್ಡ್ ಅನ್ನು ಅಂದಕ್ಕಾಗಿ ತೆಗೆಸಿಹಾಕುವ ಹುಡುಗರಿದ್ದಾರೆ. ತೆಗೆಸಿದ್ದರೆ ಮತ್ತೆ ಹಾಕಿಸಿ. ಬುರ್ಖಾದ ಅಂಚನ್ನು ಮಡಿಚಿ ತೊಡೆಯ ಕೆಳಗೆ ಸಿಕ್ಕಿಸಿ, ದುಪಟ್ಟಾ ಸುತ್ತಿ ಪಿನ್ ಹಾಕಿ, ಆಮೇಲೆ "ಹೊರಡಿ" ಎನ್ನಿ.

ಈದ್ ದಿನ ಅಪ್ಪನ ಬೈಕಿನ ಕೀಲಿ ಹದಿನಾಲ್ಕರ ಮಗನ ಕೈಗೆ ಹೋಗುವುದುಂಟು. "ಒಂದು ಸುತ್ತು ಹೋಗಿ ಬರಲಿ ಬಿಡಿ" ಎಂದು ಶಿಫಾರಸು ಮಾಡುವವರು ಹೆಚ್ಚಾಗಿ ನಾವೇ, ತಾಯಂದಿರು. ಅಪ್ರಾಪ್ತ ವಯಸ್ಕನ ಕೈಗೆ ಗಾಡಿ ಕೊಟ್ಟು ಅಪರಾಧ ನಡೆದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ವಿಧಿಸಲು ಕಾಯ್ದೆಯ 199ಎ ಕಲಮಿನಲ್ಲಿ ಅವಕಾಶವಿದೆ. ಆ ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಸಿಗುವುದಿಲ್ಲ. ಅದೆಲ್ಲ ಅವನು ಜೀವಂತವಾಗಿ, ನೆಟ್ಟಗೆ ಮನೆಗೆ ಬಂದರೆ ಆಲೋಚಿಸುವ ಮಾತು.

ನಿಮ್ಮ ಮಾತಿಗೆ ಬೆಲೆಯಿದೆ

ಮಗು ಬಿದ್ದಿದೆ. ಈಗ ಏನು? ಎಲ್ಲ ಮಕ್ಕಳೂ ಬೀಳುತ್ತಾರೆ, ಬಹುಪಾಲು ಮಕ್ಕಳಿಗೆ ಏನೂ ಆಗುವುದಿಲ್ಲ. ಅಮೆರಿಕದ 25 ಆಸ್ಪತ್ರೆಗಳಲ್ಲಿ, ತಲೆಗೆ ಪೆಟ್ಟಾಗಿ ಬಂದಿದ್ದರೂ ಬಹುಮಟ್ಟಿಗೆ ಎಚ್ಚರದಲ್ಲಿದ್ದ 42,412 ಮಕ್ಕಳನ್ನು ಪರಿಶೀಲಿಸಿದ ಅಧ್ಯಯನವೊಂದು 2009ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಲ್ಲಿ ಮಿದುಳಿಗೆ ಗಂಭೀರವಾದ ಗಾಯವಾಗಿದ್ದವರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಆ ಒಬ್ಬರನ್ನು ಗುರುತಿಸುವುದು ಹೇಗೆ ಎಂಬುದೇ ಅಧ್ಯಯನದ ಉದ್ದೇಶವಾಗಿತ್ತು. ಎರಡು ವರ್ಷದೊಳಗಿನ ಮಕ್ಕಳಿಗೆ ಅವರು ಆರು ಲಕ್ಷಣಗಳನ್ನು ಗುರುತಿಸಿದರು. ಮಗುವಿಗೆ ಪ್ರಜ್ಞೆ ಮಂಕಾಗಿರುವುದು, ಐದು ಸೆಕೆಂಡಿಗಿಂತ ಹೆಚ್ಚು ಎಚ್ಚರ ತಪ್ಪಿದ್ದು, ಹಣೆಯಲ್ಲಲ್ಲದೆ ತಲೆಯ ಹಿಂಬದಿಯಲ್ಲೋ ಪಕ್ಕದಲ್ಲೋ ಊದಿಕೊಂಡಿರುವುದು, ಮುಟ್ಟಿದರೆ ಮೂಳೆ ಮುರಿದಂತೆ ತೋರುವುದು, ಎತ್ತರದಿಂದ ಬಿದ್ದದ್ದು ಅಥವಾ ಜೋರಾದ ಅಪಘಾತ. ಆರನೆಯದು ಯಾವುದು ಗೊತ್ತೇ? "ಮಗು ಎಂದಿನಂತಿಲ್ಲ" ಎಂಬ ತಂದೆತಾಯಿಯ ಮಾತು.

ಇದನ್ನು ಓದಿದಾಗ ನಾನು ಪುಟ ತಿರುವದೆ ಸ್ವಲ್ಪ ಹೊತ್ತು ಕುಳಿತಿದ್ದೆ. "ಏನೋ ಸರಿಯಿಲ್ಲ ಅನ್ನಿಸುತ್ತಿದೆ" ಎಂದು ಹೇಳಿ ಎಷ್ಟು ತಾಯಂದಿರು ಮನೆಯಲ್ಲೂ ಆಸ್ಪತ್ರೆಯಲ್ಲೂ ಬೈಸಿಕೊಂಡಿಲ್ಲ! ಸ್ಕ್ಯಾನ್ ಯಂತ್ರದ ಮುಂದೆ ನಿಲ್ಲುವ ಮೊದಲೇ ವೈದ್ಯರು ಲೆಕ್ಕಕ್ಕೆ ತೆಗೆದುಕೊಳ್ಳುವ ಮಾತು ಅದು. ಆದ್ದರಿಂದ ಅದನ್ನು ನುಂಗಿಕೊಳ್ಳಬೇಡಿ.

ಎತ್ತರ ಎಂದರೆ ಎಷ್ಟು? ಅದೇ ಅಧ್ಯಯನದ ಲೆಕ್ಕದಲ್ಲಿ ಎರಡು ವರ್ಷದೊಳಗಿನ ಮಗುವಿಗೆ ಮೂರು ಅಡಿ, ಅದಕ್ಕಿಂತ ದೊಡ್ಡ ಮಕ್ಕಳಿಗೆ ಐದು ಅಡಿ. ಮಾವಿನ ಮರದ ಮೊದಲ ಕವಲು ಸಾಮಾನ್ಯವಾಗಿ ಅದಕ್ಕಿಂತ ಮೇಲೇ ಇರುತ್ತದೆ.

ಮೊದಲ 24 ಗಂಟೆ ಮಗುವಿನ ಮೇಲೆ ಕಣ್ಣಿಡಿ. ಎರಡು ದಿನ ಎಚ್ಚರದಿಂದಿರಿ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ತೊದಲು ಮಾತು, ತೂರಾಡುವ ನಡಿಗೆ, ಒಂದು ಕೈ ಅಥವಾ ಕಾಲಿನಲ್ಲಿ ಬಲವಿಲ್ಲದಿರುವುದು, ಫಿಟ್ಸ್, ಎಬ್ಬಿಸಿದರೂ ಏಳದಿರುವುದು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಾಣುವುದು, ಮೂಗಿನಿಂದ ಅಥವಾ ಕಿವಿಯಿಂದ ರಕ್ತ ಇಲ್ಲವೇ ನೀರಿನಂಥ ದ್ರವ ಸೋರುವುದು, ಕಿವಿಯ ಹಿಂದೆ ಅಥವಾ ಕಣ್ಣಿನ ಸುತ್ತ ಕಪ್ಪಾಗುವುದು, ಕೂಸಾದರೆ ಹಾಲು ಕುಡಿಯದೆ ಸಂತೈಸಲಾಗದಂತೆ ಅಳುವುದು, ನೆತ್ತಿ ಉಬ್ಬಿಕೊಳ್ಳುವುದು. ಇವುಗಳಲ್ಲಿ ಒಂದು ಕಂಡರೂ ಹೊರಡಿ. "ಇವರು ಮಂಡಿಯಿಂದ ಬರಲಿ, ಕೇಳೋಣ" ಎಂದು ಕಾಯಬೇಡಿ. ಇವರ ಫೋನು ಹತ್ತಿದರೆ ಹೇಳಿ, ಹತ್ತದಿದ್ದರೆ ದಾರಿಯಿಂದ ಹೇಳಿ. ಮನೆಯ ಗಂಡಸರೂ ಈ ಲೇಖನ ಓದುತ್ತಿದ್ದರೆ ಒಂದು ಮಾತು: ತಲೆಗೆ ಪೆಟ್ಟಾದ ಮಗುವನ್ನು ಆಸ್ಪತ್ರೆಗೆ ಒಯ್ಯಲು ನಿಮ್ಮ ಅಪ್ಪಣೆ ಬೇಕಾಗಿಲ್ಲ ಎಂದು ಇವತ್ತೇ, ಏನೂ ಆಗದಿರುವಾಗಲೇ, ಮನೆಯಲ್ಲಿ ಹೇಳಿಬಿಡಿ. ಸ್ವಲ್ಪ ಹಣ ಅವರ ಕೈಯಲ್ಲಿರಲಿ.

"ತಲೆಗೆ ಪೆಟ್ಟಾದರೆ ಮಲಗಲು ಬಿಡಬಾರದು" ಎಂಬ ನಂಬಿಕೆ ಎಲ್ಲ ಮನೆಗಳಲ್ಲೂ ಇದೆ. ಮಲಗುವುದು ಮಿದುಳಿಗೆ ಹಾನಿ ಮಾಡುವುದಿಲ್ಲ. ಮಲಗಿದ ಮಗುವಿನ ಲಕ್ಷಣ ನಮ್ಮ ಕಣ್ಣಿಗೆ ಬೀಳುವುದಿಲ್ಲ ಎಂಬುದೇ ತೊಂದರೆ. ಮೇಲಿನ ಯಾವ ಲಕ್ಷಣವೂ ಇಲ್ಲದೆ ಮಲಗುವ ಹೊತ್ತಿಗೆ ಮಗು ಮಲಗಿದರೆ ಮಲಗಲಿ, ಮೊದಲ ರಾತ್ರಿ ಆಗಾಗ ಎದ್ದು ನೋಡಿ. ಮುಟ್ಟಿದರೆ ಮಗ್ಗುಲು ಬದಲಿಸುತ್ತದೆಯೇ, ಕರೆದರೆ ಗೊಣಗುತ್ತದೆಯೇ, ಉಸಿರಾಟ ಎಂದಿನಂತಿದೆಯೇ, ನೋಡಿಕೊಳ್ಳಿ.

ಮಾಡಬಾರದ ಕೆಲವು ಕೆಲಸಗಳನ್ನೂ ಹೇಳಲೇಬೇಕು. ಗಾಯಕ್ಕೆ ಕಾಫಿಪುಡಿ ತುಂಬುವುದು (ನನ್ನ ಹಣೆಯ ಮೇಲೂ ಅದರ ಗುರುತಿದೆ), ಸುಣ್ಣ ಮೆತ್ತುವುದು, ಊದಿದ ಜಾಗವನ್ನು ಎಣ್ಣೆ ಹಚ್ಚಿ ಒತ್ತಿ ತಿಕ್ಕುವುದು ಬೇಡ. ಒಳಗೆ ಮೂಳೆ ಮುರಿದಿದ್ದರೆ ಒತ್ತಿದಷ್ಟೂ ಕೇಡು. ಶುದ್ಧವಾದ ಬಟ್ಟೆಯನ್ನು ಗಾಯದ ಮೇಲೆ ಹಗುರವಾಗಿ ಒತ್ತಿ ಹಿಡಿದರೆ ಸಾಕು. ಕಿವಿಯಿಂದ ಸೋರುತ್ತಿದ್ದರೆ ಹತ್ತಿ ತುರುಕಬೇಡಿ. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ, ಝಮ್‌ಝಮ್ ಕೂಡ ಬೇಡ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಫಿಟ್ಸ್ ಬಂದಾಗ ಕೈಗೆ ಕೀಲಿಗೊಂಚಲು ಕೊಡುವುದರಿಂದ ಏನೂ ಆಗುವುದಿಲ್ಲ, ಬಾಯಿಗೆ ಚಮಚ ಇಡುವುದರಿಂದ ಹಲ್ಲು ಮುರಿಯುತ್ತದೆ. ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ. ಮರದಿಂದ, ತಾರಸಿಯಿಂದ, ಗಾಡಿಯಿಂದ ಬಿದ್ದಿದ್ದರೆ ಕುತ್ತಿಗೆಗೂ ಪೆಟ್ಟಾಗಿರಬಹುದು. ಕಂಕುಳಿಗೆ ಕೈಹಾಕಿ ಎತ್ತಿ ಕೂರಿಸುವುದು, ಹೆಗಲಿಗೆ ಹಾಕಿಕೊಂಡು ಓಡುವುದು ಬೇಡ. ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಇಬ್ಬರು ಮೂವರು ಸೇರಿ ಹಲಗೆಯ ಮೇಲೆ ಸರಿಸಿ. ನೋವಿಗೆಂದು ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಕೊಡಬೇಡಿ. ಆಸ್ಪಿರಿನ್ ಅಂತೂ ಕೂಡದು.

ಹೊರಡುವುದು ಎಲ್ಲಿಗೆ?

108ಕ್ಕೆ ಕರೆ ಮಾಡಿ. ಆರೋಗ್ಯ ಕವಚ ಎಂಬ ಹೆಸರಿನ ಈ ಆಂಬ್ಯುಲೆನ್ಸ್ ಸೇವೆ ರಾಜ್ಯದಲ್ಲಿ 2008ರ ನವೆಂಬರಿನಲ್ಲಿ ಶುರುವಾಯಿತು. ಎಚ್ಚರ ತಪ್ಪಿದ ಮಗುವಿಗೆ ಮೊದಲು ಬೇಕಾದದ್ದು ಸರಾಗವಾದ ಉಸಿರಾಟ. ಅದನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಸರಿಪಡಿಸಿಕೊಂಡು ಮುಂದೆ ಹೋಗುವುದು ಒಳ್ಳೆಯದು. ಶ್ರೀನಿವಾಸಪುರದಿಂದ ಕೋಲಾರ ಸುಮಾರು 25 ಕಿ.ಮೀ. ಅಲ್ಲಿ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯಿದೆ, ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆರ್.ಎಲ್. ಜಾಲಪ್ಪ ಆಸ್ಪತ್ರೆಯಿದೆ. ಬೆಂಗಳೂರಿನ ನಿಮ್ಹಾನ್ಸ್ ನೂರು ಕಿ.ಮೀ.ಗೆ ಹತ್ತಿರ. 1974ರಲ್ಲಿ ಈಗಿನ ರೂಪ ಪಡೆದ ಈ ಸಂಸ್ಥೆಯನ್ನು "ಹುಚ್ಚಾಸ್ಪತ್ರೆ" ಎಂದು ಹಳಬರು ಇನ್ನೂ ಕರೆಯುವುದುಂಟು. ಮಗುವಿನ ತಲೆಗೆ ಪೆಟ್ಟಾಗಿದೆ, ನಿಮ್ಹಾನ್ಸ್‌ಗೆ ಒಯ್ಯಿರಿ ಎಂದರೆ "ಜನ ಏನಂದಾರು" ಎಂದು ಹಿಂಜರಿಯುವವರೂ ಇದ್ದಾರೆ. ಮಿದುಳು, ನರಗಳ ಶಸ್ತ್ರಚಿಕಿತ್ಸೆಗೆ ದೇಶದಲ್ಲೇ ಹೆಸರಾದ ಆಸ್ಪತ್ರೆ ಅದು.

ಅದೇ 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ತಲೆಗೆ ಪೆಟ್ಟಾದವರ ಪ್ರಜ್ಞೆಯನ್ನು ಅಳೆಯುವ ಸರಳ ಕ್ರಮವೊಂದನ್ನು ಪ್ರಕಟಿಸಿದರು. ಕಣ್ಣು ತೆರೆಯುವುದು, ಮಾತು, ಕೈಕಾಲುಗಳ ಚಲನೆ, ಈ ಮೂರಕ್ಕೆ ಅಂಕ. ಪೂರ್ಣ ಎಚ್ಚರವಿದ್ದರೆ 15, ಏನೂ ಇಲ್ಲದಿದ್ದರೆ 3. ಎಂಟು ಅಥವಾ ಅದಕ್ಕಿಂತ ಕಡಿಮೆಯಾದರೆ ಪೆಟ್ಟು ತೀವ್ರ. ಡಾಕ್ಟರು ಚೀಟಿಯಲ್ಲಿ ಬರೆಯುವ ಆ ಅಂಕಿ ಇದೇ. ಕೇಳಿ ತಿಳಿದುಕೊಳ್ಳಿ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವಾಗ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಮುಖ್ಯ. ಡಾಕ್ಟರು ಸಿ.ಟಿ. ಸ್ಕ್ಯಾನ್ ಬೇಡವೆಂದರೆ ಜಗಳವಾಡಬೇಡಿ. ಸ್ಕ್ಯಾನಿನ ವಿಕಿರಣ ಬೆಳೆಯುವ ಮಕ್ಕಳಿಗೆ ಒಳ್ಳೆಯದಲ್ಲ, ಅಗತ್ಯವಿದ್ದಾಗ ಮಾತ್ರ ಮಾಡಿಸಬೇಕು. ಬೇಕೆಂದರೆ ತಡ ಮಾಡಬೇಡಿ.

ರಸ್ತೆಯಲ್ಲಿ ಬಿದ್ದ ಮಗುವನ್ನು ಕಂಡು "ಪೊಲೀಸ್ ಕೇಸು" ಎಂದು ದೂರ ಸರಿಯುವ ಕಾಲ ಮುಗಿದಿದೆ. ಸಹಾಯ ಮಾಡಿದವರನ್ನು ಪೀಡಿಸಬಾರದೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2019ರ ತಿದ್ದುಪಡಿ ಅದನ್ನು ಕಾನೂನಾಗಿಸಿತು. ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ ಏಳು ದಿನ ಒಂದೂವರೆ ಲಕ್ಷ ರೂಪಾಯಿವರೆಗೆ ನಗದಿಲ್ಲದೆ ಚಿಕಿತ್ಸೆ ಕೊಡುವ ಕೇಂದ್ರ ಸರ್ಕಾರದ ಯೋಜನೆ 2025ರ ಮೇ ತಿಂಗಳಲ್ಲಿ ಪ್ರಕಟವಾಗಿದೆ. ಆಸ್ಪತ್ರೆಯಲ್ಲಿ ಕೇಳಿ.

ಮನೆಗೆ ಬಂದ ಮೇಲೆ

ಹೊಲಿಗೆ ಬಿಚ್ಚಿದರೆ ಮುಗಿಯಿತು ಎಂದುಕೊಳ್ಳುತ್ತೇವೆ. ಹಲವು ಮಕ್ಕಳಿಗೆ ತೊಂದರೆ ಆಮೇಲೆ ಶುರುವಾಗುತ್ತದೆ. ಪಾಠ ತಲೆಗೆ ಹತ್ತುವುದಿಲ್ಲ. ಕಲಿತ ಮಗ್ಗಿ ಮರೆಯುತ್ತದೆ. ಬೆಳಕು, ಗದ್ದಲ ಸಹಿಸದು. ಸುಮ್ಮನಿದ್ದ ಹುಡುಗ ಸಣ್ಣದಕ್ಕೂ ಸಿಡಿಮಿಡಿಗೊಳ್ಳುತ್ತಾನೆ, ಚೂಟಿಯಾಗಿದ್ದ ಹುಡುಗಿ ಮೂಲೆ ಹಿಡಿಯುತ್ತಾಳೆ. ಮೇಷ್ಟ್ರು "ಸೋಮಾರಿ" ಎನ್ನುತ್ತಾರೆ, ಅಬ್ಬಾ ಕೋಲು ಹಿಡಿಯುತ್ತಾರೆ. ಮಗು ತನಗೇ ಅರ್ಥವಾಗದ ತಪ್ಪಿಗೆ ಏಟು ತಿನ್ನುತ್ತದೆ. ಯೋಚಿಸುವ, ಸಿಟ್ಟು ತಡೆದುಕೊಳ್ಳುವ ಕೆಲಸ ಮಾಡುವ ಮಿದುಳಿನ ಮುಂಭಾಗ ಇಪ್ಪತ್ತರ ನಂತರವೂ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ನಾಲ್ಕನೇ ವರ್ಷದಲ್ಲಿ ಬಿದ್ದ ಪೆಟ್ಟು ಹತ್ತನೇ ವರ್ಷದಲ್ಲಿ, ಪಾಠ ಕಷ್ಟವಾದಾಗ ಕಾಣಿಸಿಕೊಳ್ಳಬಹುದು. ಆಗ ಯಾರಿಗೂ ಹಳೆಯ ಪೆಟ್ಟು ನೆನಪಿರುವುದಿಲ್ಲ. ಆಸ್ಪತ್ರೆಯ ಚೀಟಿಗಳನ್ನು ಎಸೆಯಬೇಡಿ, ಶಾಲೆಗೆ ತಿಳಿಸಿ. ಮೊದಲು ಅರ್ಧ ದಿನ ಕಳಿಸಿ, ಆಟಕ್ಕೆ ಡಾಕ್ಟರು ಹೇಳುವವರೆಗೆ ಬಿಡಬೇಡಿ. ಮೊದಲ ಪೆಟ್ಟು ಮಾಯುವ ಮುನ್ನ ಬೀಳುವ ಎರಡನೆಯ ಪೆಟ್ಟು ಬಹಳ ಕೆಟ್ಟದ್ದು.

ಕೆಲವರಿಗೆ ತಿಂಗಳುಗಳ ನಂತರ ಫಿಟ್ಸ್ ಶುರುವಾಗುತ್ತದೆ. ಗಂಡು ಮಗುವಾದರೆ ಊರೆಲ್ಲ ಸುತ್ತಿ ಚಿಕಿತ್ಸೆ ಕೊಡಿಸುವ ಮನೆಯವರೇ, ಹೆಣ್ಣಾದರೆ "ನಾಳೆ ಮದುವೆಗೆ ತೊಡಕು" ಎಂದು ಬಾಗಿಲು ಮುಚ್ಚಿ ಗುಟ್ಟು ಮಾಡುತ್ತಾರೆ. ತಾಯತ ಕಟ್ಟಿಸುತ್ತಾರೆ, ಊದಿಸಿಕೊಂಡು ಬರುತ್ತಾರೆ, ಮಾತ್ರೆ ಮಾತ್ರ ಕೊಡುವುದಿಲ್ಲ. ದುಆ ಮಾಡಲು ಯಾವ ಡಾಕ್ಟರೂ ಬೇಡವೆನ್ನುವುದಿಲ್ಲ. ಮಾತ್ರೆ ತಪ್ಪಿಸಬೇಡಿ ಎನ್ನುತ್ತಾರೆ ಅಷ್ಟೇ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮಕ್ಕೆ ಮೊದಲು ಆಯ್ದುಕೊಂಡ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಫಿಟ್ಸ್, ತಲೆನೋವಿನಂಥ ತೊಂದರೆಗಳಿಗೆ ಪ್ರತಿ ಸಲ ಬೆಂಗಳೂರಿಗೆ ಓಡದೆ ಜಿಲ್ಲೆಯಲ್ಲೇ ಚಿಕಿತ್ಸೆ ಸಿಗಲೆಂದೇ ಅದನ್ನು ಮಾಡಿದ್ದು.

ಮತ್ತೆ ಆ ಮೇ ತಿಂಗಳ ಮಧ್ಯಾಹ್ನಕ್ಕೆ ಬರೋಣ. ಮಗ ಹಿತ್ತಲ ಬಾಗಿಲಿನಿಂದ ಬಂದಿದ್ದಾನೆ, ಬೆನ್ನಿಗೆ ಮಣ್ಣು. ಸೌಟನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಅವನ ಪಕ್ಕ ಕುಳಿತುಕೊಳ್ಳಿ. "ಯಾಕೆ ಹತ್ತಿದೆ" ಎಂದು ಕೇಳಬೇಡಿ, ಯಾರ ಮರ ಎಂದೂ ಕೇಳಬೇಡಿ. ಎಲ್ಲಿಂದ ಬಿದ್ದೆ, ಎಷ್ಟು ಹೊತ್ತಾಯಿತು, ತಲೆಯ ಯಾವ ಭಾಗ ತಾಗಿತು, ಬಿದ್ದದ್ದು ನೆನಪಿದೆಯೇ ಎಂದು ಕೇಳಿ. ಉತ್ತರಗಳನ್ನು ಕ್ಯಾಲೆಂಡರಿನ ಹಿಂಬದಿಯಲ್ಲಾದರೂ ಗಂಟೆ ಸಮೇತ ಬರೆದುಕೊಳ್ಳಿ. ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಡಾಕ್ಟರು ಕೇಳುವುದೂ ಈ ನಾಲ್ಕು ಪ್ರಶ್ನೆಗಳನ್ನೇ. ಜೊತೆಗಿದ್ದ ಆ ಇಬ್ಬರು ಹುಡುಗರನ್ನೂ ಕರೆಸಿ, ಒಂದೊಂದು ಹಣ್ಣು ಕೊಟ್ಟು ಕೇಳಿ. ಅವರು ಹೇಳುತ್ತಾರೆ.